ಕುಮಟಾದಿಂದ ಗೋವಾ ಕ್ಯಾಸಿನೊಗೆ: 12 ಸಾವಿರದಲ್ಲಿ ಹೋಗಿ ಬರಬಹುದಾ?

ಪ್ರಶ್ನೆ: ನಾನು ಕುಮಟಾದವನು. ವಯಸ್ಸು 34, ಸಣ್ಣ ವ್ಯಾಪಾರ ಇದೆ. ಅಮೆರಿಕದಲ್ಲಿರುವ ನನ್ನ ಭಾವ ಲಾಫ್ಲಿನ್ ಅನ್ನೋ ಊರಿಗೆ ಹೋಗಿ ಬಂದ. ಲಾಸ್ ವೇಗಸ್ ಥರ ಗದ್ದಲ ಇಲ್ಲ, ರೂಮು ಅಗ್ಗ, ಸಣ್ಣ ಮೊತ್ತದಲ್ಲೂ ಆರಾಮಾಗಿ ಆಡಬಹುದು ಅಂತ ಹೇಳಿದ. ನಮಗೆ ಹತ್ತಿರ ಅಂದರೆ ಗೋವಾ. ಮೂವರು ಗೆಳೆಯರು ಎರಡು ದಿನಕ್ಕೆ ಹೋಗಬೇಕು ಅಂತ ಇದ್ದೇವೆ. ತಲಾ 12 ಸಾವಿರ ರೂಪಾಯಿ ಬಜೆಟ್. ಇಷ್ಟರಲ್ಲಿ ಆಗುತ್ತಾ? ಯಾವ ಆಟ ಆಡಬೇಕು? ಒಬ್ಬ ಗೆಳೆಯ ಕಳೆದ ವರ್ಷ ಅಲ್ಲೇ 40 ಸಾವಿರ ಕಳೆದುಕೊಂಡಿದ್ದಾನೆ. ಈ ಸಲ ಅದನ್ನು ತೆಗೆದೇ ಬರುತ್ತೇನೆ ಅನ್ನುತ್ತಿದ್ದಾನೆ. ಅವನನ್ನು ಏನು ಮಾಡೋಣ? ಬರುವಾಗ ಎರಡು ಬಾಟಲಿ ತರಬಹುದಾ?

ಉತ್ತರ: ಆಗುತ್ತದೆ. 12 ಸಾವಿರದಲ್ಲಿ ಪಣಜಿಗೆ ಹೋಗಿ, ಒಂದು ರಾತ್ರಿ ಉಳಿದು, ಕ್ಯಾಸಿನೊದಲ್ಲಿ ಮೂರು ತಾಸು ಕೂತು, ಸಾಲ ಮಾಡದೆ ವಾಪಸ್ ಬರಬಹುದು. ಆದರೆ ನಿಮ್ಮ ಭಾವ ಹೇಳಿದ ಲಾಫ್ಲಿನ್ ಲೆಕ್ಕ ಪಣಜಿಗೆ ಹೊಂದುವುದಿಲ್ಲ. ನಾನು ಪಣಜಿಯ ಕ್ಯಾಸಿನೊದಲ್ಲಿ ಡೀಲರ್, ಅಂದರೆ ಎಲೆ ಹಂಚುವ, ಚಕ್ರ ತಿರುಗಿಸುವ ಕೆಲಸ ಮಾಡಿದವನು, ಈಗ ಕಾರವಾರದಲ್ಲಿದ್ದೇನೆ. ನಮ್ಮ ಜಿಲ್ಲೆಯಿಂದ ಬಂದು ಟೇಬಲಿಗೆ ಕೂತವರನ್ನು ಆಚೆ ಬದಿಯಿಂದ ನೋಡಿದ್ದೇನೆ. ಹೆಚ್ಚಿನವರು ದುಡ್ಡು ಹೋಗುವ ಜಾಗ ಯಾವುದು ಅಂತ ಗೊತ್ತಾಗದೆ ಎದ್ದು ಹೋಗುತ್ತಿದ್ದರು. ಅದನ್ನೇ ಮೊದಲು ಹೇಳುತ್ತೇನೆ.

ಲಾಫ್ಲಿನ್ ಇರುವುದು ನೆವಾಡಾ ರಾಜ್ಯದ ದಕ್ಷಿಣದ ತುದಿಯಲ್ಲಿ, ಕೊಲರಾಡೊ ನದಿಯ ದಡದಲ್ಲಿ. ಲಾಸ್ ವೇಗಸ್‌ನಿಂದ ಸುಮಾರು 150 ಕಿಲೋಮೀಟರ್. ಡಾನ್ ಲಾಫ್ಲಿನ್ ಎಂಬವರು 1964ರಲ್ಲಿ ಅಲ್ಲಿ ಜಾಗ ಕೊಂಡು, 1966ರಲ್ಲಿ ರಿವರ್‌ಸೈಡ್ ಎಂಬ ಹೋಟೆಲ್ ಮತ್ತು ಕ್ಯಾಸಿನೊ ಶುರು ಮಾಡಿದರು. ಊರಿಗೆ ಅವರದೇ ಹೆಸರು ಬಂತು. ಅಲ್ಲಿಗೆ ಹೋಗುವವರಲ್ಲಿ ನಿವೃತ್ತರು ಜಾಸ್ತಿ. ವಾರದ ಮಧ್ಯೆ ರೂಮು ಅಗ್ಗ, ಯಾಕೆಂದರೆ ರೂಮಿನಲ್ಲಿ ಬಿಟ್ಟದ್ದನ್ನು ಕ್ಯಾಸಿನೊ ಆಟದಲ್ಲಿ ತೆಗೆಯುತ್ತದೆ. ನಿಮ್ಮ ಭಾವ ಹೇಳಿದ್ದು ನಿಜವೇ.

ಆದರೆ ಇನ್ನೊಂದು ಕಾರಣ ಕಣ್ಣಿಗೆ ಬೀಳುವುದಿಲ್ಲ. ನೆವಾಡಾ ಸರ್ಕಾರ ಕ್ಯಾಸಿನೊಗಳಿಂದ ಆಟದ ತೆರಿಗೆ ತೆಗೆದುಕೊಳ್ಳುವುದು ಗೆದ್ದವರಿಗೆ ಕೊಟ್ಟು ಕ್ಯಾಸಿನೊ ಕೈಯಲ್ಲಿ ಉಳಿದ ದುಡ್ಡಿನ ಮೇಲೆ. ಅದರ ಗರಿಷ್ಠ ದರ ಶೇ 6.75. ನೀವು 100 ಡಾಲರ್ ಕೊಟ್ಟರೆ 100 ಡಾಲರಿನ ಚಿಪ್ಸ್, ಅಂದರೆ ದುಡ್ಡಿನ ಬದಲು ಟೇಬಲಿನಲ್ಲಿ ಕಟ್ಟುವ ಬಿಲ್ಲೆಗಳು, ಕೈಗೆ ಬರುತ್ತದೆ. ಆಡದೆ ವಾಪಸ್ ಕೊಟ್ಟರೆ 100 ಡಾಲರ್ ಪೂರ್ತಿ ಸಿಗುತ್ತದೆ.

ನಮ್ಮಲ್ಲಿ ಹಾಗಿಲ್ಲ. 2023ರ ಅಕ್ಟೋಬರ್ 1ರಿಂದ, ಚಿಪ್ಸ್ ಕೊಳ್ಳಲು ನೀವು ಕೊಡುವ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಗಿದೆ. ಗೆದ್ದ ಚಿಪ್ಸ್‌ನಿಂದ ಮತ್ತೆ ಆಡಿದರೆ ಅದಕ್ಕೆ ಈ ತೆರಿಗೆ ಇಲ್ಲ. ಆದರೆ ಕೊಂಡ ಚಿಪ್ಸನ್ನು ಮುಟ್ಟದೆ ವಾಪಸ್ ಕೊಟ್ಟರೂ, ಅದರ ಮೇಲೆ ಹಾಕಿದ ತೆರಿಗೆ ಲೆಕ್ಕದಿಂದ ಇಳಿಯುವುದಿಲ್ಲ. ಕಾನೂನೇ ಹಾಗಿದೆ.

ಈಗ ಲೆಕ್ಕ ಹಾಕಿ. ತೆರಿಗೆ ಸೇರಿಸಿ 5,000 ರೂಪಾಯಿ ಕೌಂಟರಿನಲ್ಲಿ ಕೊಟ್ಟರೆ, ಅದನ್ನು 1.40ರಿಂದ ಭಾಗಿಸಬೇಕು. ಆಟಕ್ಕೆ ಉಳಿಯುವುದು ಸುಮಾರು 3,571 ರೂಪಾಯಿ. 1,429 ರೂಪಾಯಿ ಮೊದಲ ಎಲೆ ಬೀಳುವ ಮೊದಲೇ ಹೋಯಿತು. ನೀವು ಕೊಟ್ಟ 5,000 ಕೈಗೆ ಮರಳಬೇಕು ಅಂದರೂ 3,571ರ ಮೇಲೆ ಶೇ 40 ಗೆಲ್ಲಬೇಕು. ಅಷ್ಟು ಗೆದ್ದರೆ, ಮುಂದೆ ಹೇಳುವ ಆದಾಯ ತೆರಿಗೆ ಬಿಟ್ಟು, ಲಾಭವೂ ಇಲ್ಲ, ನಷ್ಟವೂ ಇಲ್ಲ.

ಈ ಒಂದು ಲೆಕ್ಕದಿಂದ ಆಡುವ ರೀತಿ ಪೂರ್ತಿ ಬದಲಾಗಬೇಕು. ಕ್ಯಾಸಿನೊ ಬಗ್ಗೆ ಸಿಗುವ ಸಲಹೆಗಳೆಲ್ಲ ಯಾವ ಆಟದಲ್ಲಿ ಕ್ಯಾಸಿನೊದ ಪಾಲು ಶೇ 1, ಯಾವುದರಲ್ಲಿ ಶೇ 5 ಅಂತ ತಲೆ ಕೆಡಿಸಿಕೊಳ್ಳುತ್ತವೆ. ಪಾಲು ಅಂದರೆ ಕಟ್ಟಿದ ಮೊತ್ತದಲ್ಲಿ ಸರಾಸರಿ ಕ್ಯಾಸಿನೊಗೆ ಉಳಿಯುವುದು. ಲಾಫ್ಲಿನ್‌ಗೆ ಅದು ಸರಿ. ಪಣಜಿಯಲ್ಲಿ ಸಣ್ಣ ಬಜೆಟ್‌ನವರ ದುಡ್ಡು ದೊಡ್ಡದಾಗಿ ಹೋಗುವುದು ಚಿಪ್ಸ್ ಕೌಂಟರಿನಲ್ಲಿ. ಹಾಗಾಗಿ ಒಂದೇ ಸಲ ಕೊಳ್ಳಿ, ಎಷ್ಟು ಬೇಕೋ ಅಷ್ಟೇ ಕೊಳ್ಳಿ, ಮುಗಿದರೆ ಎದ್ದುಬಿಡಿ. "ಇರಲಿ ಅಂತ ಹತ್ತು ಸಾವಿರದ ತಗೊಳ್ಳೋಣ, ಉಳಿದರೆ ವಾಪಸ್ ಕೊಡೋಣ" ಅನ್ನುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಉಳಿಸಿದ್ದಕ್ಕೂ ಅವರು ತೆರಿಗೆ ಕೊಟ್ಟಾಗಿದೆ. ಎರಡನೇ ಸಲ ಕೌಂಟರಿಗೆ ಹೋದವರು ಎರಡನೇ ಸಲ ಅದೇ ತೆರಿಗೆ ಕೊಡುತ್ತಾರೆ.

ಒಂದೊಂದು ಕ್ಯಾಸಿನೊದಲ್ಲಿ ಒಂದೊಂದು ಆಫರ್ ಇರುತ್ತದೆ. ಹೆಚ್ಚುವರಿ ಚಿಪ್ಸ್, ಬೋನಸ್ ಅಂತ ಬೋರ್ಡ್ ಹಾಕಿರುತ್ತಾರೆ. ಅದನ್ನು ಓದುತ್ತಾ ನಿಲ್ಲಬೇಡಿ. ಕೌಂಟರಿನಲ್ಲಿ ಒಂದೇ ಪ್ರಶ್ನೆ ಕೇಳಿ: "ನಾನು ಐದು ಸಾವಿರ ಕೊಟ್ಟರೆ, ವಾಪಸ್ ದುಡ್ಡು ಮಾಡಿಕೊಳ್ಳಬಹುದಾದ ಚಿಪ್ಸ್ ಎಷ್ಟು ಕೊಡುತ್ತೀರಿ?" ಕೊಡುವ ಮೊದಲು ಕೇಳಿ.

ವಾಪಸ್ ದುಡ್ಡು ಮಾಡಿಕೊಳ್ಳಬಹುದಾದ ಅಂತ ಯಾಕೆ ಹೇಳಿದೆ ಅಂದರೆ, ಚಿಪ್ಸ್‌ನಲ್ಲಿ ಎರಡು ಜಾತಿ. ಒಂದು ಕ್ಯಾಶ್ ಚಿಪ್ಸ್, ಕೌಂಟರಿಗೆ ಕೊಟ್ಟರೆ ನೋಟು ಸಿಗುತ್ತದೆ. ಇನ್ನೊಂದು ಆಡಲಿಕ್ಕೆ ಮಾತ್ರ. ಪ್ರವೇಶ ಪ್ಯಾಕೇಜಿನ ಜೊತೆ ಕೊಡುವುದು ಸಾಮಾನ್ಯವಾಗಿ ಈ ಎರಡನೆಯದು. ಇದನ್ನು ಒನ್ ಟೈಮ್ ಪ್ಲೇ ಅನ್ನುತ್ತಾರೆ. ಒಂದು ಸಲ ಕಟ್ಟಿದರೆ ಗೆದ್ದರೂ ಸೋತರೂ ಆ ಚಿಪ್ ಡೀಲರ್ ತೆಗೆದುಕೊಳ್ಳುತ್ತಾನೆ. ಗೆದ್ದರೆ ಗೆದ್ದ ಮೊತ್ತ ಮಾತ್ರ ಕ್ಯಾಶ್ ಚಿಪ್ಸ್ ಆಗಿ ಬರುತ್ತದೆ. ಇದರ ಮೇಲೆ 1,000 ಅಂತ ಬರೆದಿದ್ದರೂ ಅದು ಸಾವಿರ ರೂಪಾಯಿ ಅಲ್ಲ. ರೂಲೆಟ್ ಅಂದರೆ ಅಂಕಿಗಳ ಮನೆಗಳಿರುವ ಚಕ್ರ ತಿರುಗಿಸಿ, ಚೆಂಡು ಯಾವ ಮನೆಗೆ ಬೀಳುತ್ತದೆ ಅಂತ ಕಟ್ಟುವ ಆಟ. ಒಂದು ಸೊನ್ನೆಯ ರೂಲೆಟ್‌ನಲ್ಲಿ ಕೆಂಪು ಅಥವಾ ಕಪ್ಪಿನ ಮೇಲೆ ಕಟ್ಟಿದರೆ ಸರಾಸರಿ ಬೆಲೆ 486 ರೂಪಾಯಿ. 12 ಅಂಕಿಗಳ ಗುಂಪಿನ ಮೇಲೆ ಕಟ್ಟಿದರೆ ಸುಮಾರು 649. ಒಂದೇ ಅಂಕಿಯ ಮೇಲೆ ಕಟ್ಟಿದರೆ 946, ಆದರೆ 37ರಲ್ಲಿ 36 ಸಲ ಏನೂ ಬರುವುದಿಲ್ಲ. ನನ್ನ ಸಲಹೆ, ಇವನ್ನು 12 ಅಂಕಿಗಳ ಗುಂಪಿನ ಮೇಲೆ ಕಟ್ಟಿ. ಎಲ್ಲಿ ಕಟ್ಟಬಹುದು ಅನ್ನುವುದಕ್ಕೆ ಕೆಲವೊಮ್ಮೆ ಮಿತಿ ಇರುತ್ತದೆ, ಡೀಲರನ್ನೇ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ಎಲ್ಲಿಗೆ ಹೋಗಬೇಕು ಅನ್ನುವುದು. ಗೋವಾದ ಜೂಜಿನ ಕಾನೂನು 1976ರದ್ದು. 1992ರಲ್ಲಿ ತಿದ್ದುಪಡಿ ಮಾಡಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಕ್ಕೆ ಅವಕಾಶ ಕೊಟ್ಟರು. 1996ರಲ್ಲಿ ನೀರಿನ ಮೇಲಿನ ಹಡಗುಗಳಲ್ಲಿ ಟೇಬಲ್ ಆಟಕ್ಕೂ ಅವಕಾಶ ಆಯಿತು. ಪಣಜಿಯ ಎದುರಿಗೆ ಮಾಂಡೋವಿ ನದಿಯಲ್ಲಿ ದೀಪ ಹಾಕಿಕೊಂಡು ನಿಂತಿರುವ ಹಡಗುಗಳು ಈ ಕಾನೂನಿನ ಮಕ್ಕಳು. ಜೆಟ್ಟಿಯಿಂದ ಸಣ್ಣ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ.

ನಿಮಗೆ ಗದ್ದಲ ಬೇಡ ಅಂದರೆ ದಡದ ಮೇಲಿನ ಹೋಟೆಲ್ ಕ್ಯಾಸಿನೊಗಳಿವೆ. ದೋಣಿ ಹತ್ತಬೇಕಿಲ್ಲ, ಜನ ಕಡಿಮೆ. ಆದರೆ ಕಾನೂನು ಅಲ್ಲಿ ಅವಕಾಶ ಕೊಟ್ಟಿರುವುದು ಯಂತ್ರದ ಆಟಕ್ಕೆ. ಯಂತ್ರ ನನಗೆ ಇಷ್ಟ ಇಲ್ಲ. ಗುಂಡಿ ಒತ್ತಿದ ಕೂಡಲೇ ಮುಗಿಯುತ್ತದೆ, ಮತ್ತೆ ಒತ್ತಬೇಕು ಅನಿಸುತ್ತದೆ. ತಾಸಿಗೆ ನೂರಾರು ಸಲ ಒತ್ತುತ್ತೀರಿ. ಒಂದು ಸಲಕ್ಕೆ 10 ರೂಪಾಯಿ ಅಂದರೂ ತಾಸಿನಲ್ಲಿ ಸಾವಿರಾರು ರೂಪಾಯಿ ಓಡಿರುತ್ತದೆ. ಅದರಲ್ಲಿ ಕ್ಯಾಸಿನೊದ ಪಾಲು ಎಷ್ಟು ಅಂತ ಯಂತ್ರದ ಮೇಲೆ ಬರೆದಿರುವುದಿಲ್ಲ. ಎದುರಿಗೆ ಒಬ್ಬ ಮನುಷ್ಯ ನಿಂತು ಚಕ್ರ ತಿರುಗಿಸುವ ಆಟವೇ ಸಣ್ಣ ಬಜೆಟ್ಟಿಗೆ ಒಳ್ಳೆಯದು. ಹಾಗಾಗಿ ಹಡಗಿಗೇ ಹೋಗಿ.

ಯಾವಾಗ ಹೋಗಬೇಕು? ಸೋಮವಾರದಿಂದ ಗುರುವಾರದ ಒಳಗೆ. ಶುಕ್ರವಾರ ಸಂಜೆಯಿಂದ ಬೆಂಗಳೂರು, ಮುಂಬಯಿ, ಹೈದರಾಬಾದಿನವರು ಬಂದು ಇಳಿಯುತ್ತಾರೆ, ಪ್ರವೇಶ ದರ ಏರುತ್ತದೆ, ಟೇಬಲ್ ಮಿನಿಮಮ್ ಕೂಡ ಏರುತ್ತದೆ. ಮಿನಿಮಮ್ ಅಂದರೆ ಆ ಟೇಬಲಿನಲ್ಲಿ ಒಂದು ಸಲಕ್ಕೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಟೇಬಲಿನ ಮೇಲೆ ಸಣ್ಣ ಬೋರ್ಡಿನಲ್ಲಿ ಇರುತ್ತದೆ. ಮಧ್ಯಾಹ್ನ ಕಡಿಮೆ ಇದ್ದದ್ದು ರಾತ್ರಿ ಜಾಸ್ತಿ ಆಗುವುದು ಮಾಮೂಲು. ಕೂರುವ ಮೊದಲು ಬೋರ್ಡ್ ನೋಡಿ. ನಿಮ್ಮ ಹತ್ತಿರ ಇರುವ ಚಿಪ್ಸ್ ಆ ಮಿನಿಮಮ್‌ನ 30 ಪಟ್ಟಾದರೂ ಇರಬೇಕು. 3,500 ಇದ್ದರೆ 100ರ ಟೇಬಲ್. 500ರ ಟೇಬಲಿನಲ್ಲಿ ಅದು ಏಳು ಸಲಕ್ಕೆ ಸಾಕು, ಅಷ್ಟೆ. ಚಹಾ ಬರುವ ಮೊದಲೇ ಎದ್ದು ಹೋದವರನ್ನು ನೋಡಿದ್ದೇನೆ.

ಇಲ್ಲಿ ಒಂದು ವಿಷಯ ಹೆಚ್ಚಿನವರಿಗೆ ಉಲ್ಟಾ ಅನಿಸುತ್ತದೆ. ಊರು ಶಾಂತ ಇರಲಿ, ದಿನ ಶಾಂತ ಇರಲಿ, ಆದರೆ ಟೇಬಲ್ ತುಂಬಿರಲಿ. ರೂಲೆಟ್ ಟೇಬಲಿನಲ್ಲಿ ಎಂಟು ಜನ ಇದ್ದರೆ ಎಲ್ಲರ ಚಿಪ್ಸ್ ಇಡಬೇಕು, ಎಣಿಸಬೇಕು, ಗೆದ್ದವರಿಗೆ ಕೊಡಬೇಕು. ಚಕ್ರ ತಾಸಿಗೆ 35 ಸಲ ತಿರುಗಿದರೆ ಹೆಚ್ಚು. ನೀವೊಬ್ಬರೇ ಕೂತಿದ್ದರೆ ಅದೇ ಚಕ್ರ ನೂರು ಸಲ ತಿರುಗಬಹುದು. ಪ್ರತಿ ಸಲ ಕ್ಯಾಸಿನೊ ತನ್ನ ಸಣ್ಣ ಪಾಲು ತೆಗೆಯುತ್ತದೆ. ಖಾಲಿ ಟೇಬಲಿನಲ್ಲಿ ಒಬ್ಬರೇ ಕೂತು ರಾಜನ ಹಾಗೆ ಆಡುವುದು ಮೂರು ಪಟ್ಟು ದುಬಾರಿ. ನಮ್ಮಂಥ ಡೀಲರುಗಳಿಗೆ ತರಬೇತಿಯಲ್ಲೇ ಕೈ ಚುರುಕು ಇರಲಿ ಅಂತ ಹೇಳುವುದು ಸುಮ್ನೆ ಅಲ್ಲ. ಮೂವರು ಗೆಳೆಯರಿದ್ದೀರಲ್ಲ, ಒಂದೇ ಟೇಬಲಿನಲ್ಲಿ ಕೂತುಕೊಳ್ಳಿ, ಮಾತಾಡುತ್ತಾ ಆಡಿ. ನಡುನಡುವೆ ಒಂದೆರಡು ಸುತ್ತು ಕಟ್ಟದೆ ನೋಡಿ.

ಯಾವ ಆಟ ಅಂತ ಕೇಳಿದ್ದೀರಿ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ರೂಲೆಟ್. ಕಲಿಯುವುದಕ್ಕೆ ಐದು ನಿಮಿಷ ಸಾಕು. ಆದರೆ ಚಕ್ರ ನೋಡಿಕೊಂಡು ಕೂತುಕೊಳ್ಳಿ. ಒಂದೇ ಸೊನ್ನೆ ಇದ್ದರೆ 37 ಮನೆ, ಕ್ಯಾಸಿನೊದ ಪಾಲು ಶೇ 2.70. ಸೊನ್ನೆಯ ಜೊತೆ ಎರಡು ಸೊನ್ನೆಯ ಇನ್ನೊಂದು ಮನೆಯೂ ಇದ್ದರೆ 38 ಮನೆ, ಪಾಲು ಶೇ 5.26. ಗೆದ್ದರೆ ಕೊಡುವ ದುಡ್ಡು ಎರಡರಲ್ಲೂ ಒಂದೇ. ಒಂದು ಸಲಕ್ಕೆ 100 ರೂಪಾಯಿಯಂತೆ ತಾಸಿಗೆ 35 ಸಲ ಕಟ್ಟಿದರೆ ಮೊದಲನೆಯದರಲ್ಲಿ ಸರಾಸರಿ 95 ರೂಪಾಯಿ ಹೋಗುತ್ತದೆ, ಎರಡನೆಯದರಲ್ಲಿ 184. ಇದು ಸರಾಸರಿ. ಆ ದಿನ ನಿಮಗೆ ಎರಡು ಸಾವಿರ ಬರಬಹುದು, ಇದ್ದದ್ದೂ ಹೋಗಬಹುದು. ಆದರೆ ಮೂರು ತಾಸು ಆಡಿದರೂ ಆಟ ತಿನ್ನುವುದು ಸರಾಸರಿ 300 ರೂಪಾಯಿ, ಕೌಂಟರಿನ ತೆರಿಗೆ ತಿಂದದ್ದು 1,429 ಅನ್ನುವುದನ್ನು ಪಕ್ಕಪಕ್ಕ ಇಟ್ಟು ನೋಡಿ.

ಬ್ಲ್ಯಾಕ್‌ಜಾಕ್‌ನಲ್ಲಿ ಎಲೆಗಳ ಮೊತ್ತ 21 ದಾಟದೆ ಡೀಲರಿಗಿಂತ ಹೆಚ್ಚಾಗಬೇಕು. ಯಾವ ಎಲೆಗೆ ಏನು ಮಾಡಬೇಕು ಅನ್ನುವ ಚಾರ್ಟ್ ಬಾಯಿಪಾಠ ಇದ್ದರೆ ಕ್ಯಾಸಿನೊದ ಪಾಲು ಶೇ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಚಾರ್ಟ್ ಗೊತ್ತಿಲ್ಲದೆ ಮನಸ್ಸಿಗೆ ಬಂದಂತೆ ಆಡಿದರೆ ಆ ಲಾಭ ಇಲ್ಲ. ಬ್ಲ್ಯಾಕ್‌ಜಾಕ್ ಬಿದ್ದರೆ, ಅಂದರೆ ಮೊದಲ ಎರಡೇ ಎಲೆಗೆ 21 ಆದರೆ, 2ಕ್ಕೆ 3 ಕೊಡುತ್ತಾರೋ, 5ಕ್ಕೆ 6 ಕೊಡುತ್ತಾರೋ ನೋಡಿ. 5ಕ್ಕೆ 6 ಇದ್ದರೆ ಆ ಟೇಬಲ್ ಬೇಡ. ಬ್ಯಾಕರಾದಲ್ಲಿ ಯೋಚನೆಯೇ ಬೇಕಿಲ್ಲ. ಬ್ಯಾಂಕರ್, ಪ್ಲೇಯರ್ ಅನ್ನುವ ಎರಡು ಕಡೆಗೆ ಎಲೆ ಹಾಕುತ್ತಾರೆ, ಯಾವ ಕಡೆ ಗೆಲ್ಲುತ್ತದೆ ಅಂತ ಕಟ್ಟುವುದು ಅಷ್ಟೆ. ಬ್ಯಾಂಕರ್ ಮೇಲೆ ಕಟ್ಟಿದರೆ ಕ್ಯಾಸಿನೊದ ಪಾಲು ಶೇ 1.06, ಪ್ಲೇಯರ್ ಮೇಲೆ ಶೇ 1.24. ಟೈ, ಅಂದರೆ ಎರಡೂ ಕಡೆ ಸಮ ಅನ್ನುವುದರ ಮೇಲೆ ಮಾತ್ರ ಕಟ್ಟಲೇಬೇಡಿ, ಒಂದಕ್ಕೆ ಎಂಟು ಕೊಡುವ ಕಡೆ ಅಲ್ಲಿ ಪಾಲು ಶೇ 14 ದಾಟುತ್ತದೆ.

ನಮ್ಮ ಕಡೆಯವರು ಬಂದರೆ ಹೋಗಿ ನಿಲ್ಲುವುದು ಅಂದರ್ ಬಾಹರ್ ಟೇಬಲಿಗೆ. ಕೈಗೆ ಪರಿಚಯದ ಆಟ, ಅದಕ್ಕೆ. ನಡುವೆ ಒಂದು ಎಲೆ ತೆರೆದಿಟ್ಟು, ಆಚೆಗೊಂದು ಈಚೆಗೊಂದು ಎಲೆ ಹಾಕುತ್ತಾ ಹೋಗುವುದು. ಅದೇ ಅಂಕಿಯ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆ ಗೆದ್ದಿತು. ಎರಡೂ ಕಡೆ ಸಮ ಅಂತ ಅನಿಸುತ್ತದೆ, ಅಲ್ವಾ? ಸಮ ಅಲ್ಲ. ಮೊದಲ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆ ಗೆಲ್ಲುವುದು ನೂರಕ್ಕೆ ಸುಮಾರು 51.5 ಸಲ. ಅದಕ್ಕೇ ಆ ಕಡೆ ಗೆದ್ದರೆ 100ಕ್ಕೆ 90 ಮಾತ್ರ, ಇನ್ನೊಂದು ಕಡೆಗೆ 100ಕ್ಕೆ 100 ಕೊಡುವ ಪದ್ಧತಿ ಇದೆ. ಹಾಗೆ ಕೊಡುವ ಟೇಬಲಿನಲ್ಲಿ ಮೊದಲ ಎಲೆಯ ಕಡೆ ಕ್ಯಾಸಿನೊದ ಪಾಲು ಶೇ 2.15, ಇನ್ನೊಂದು ಕಡೆ ಶೇ 3. ಮೊದಲ ಎಲೆಯ ಕಡೆಯೇ ಕಟ್ಟಿ. "ಐದು ಸಲ ಬಾಹರ್ ಬಿತ್ತು, ಈಗ ಅಂದರ್ ಬರಲೇಬೇಕು" ಅನ್ನುವ ಮಾತು ಪ್ರತಿ ರಾತ್ರಿ ಕೇಳಿದ್ದೇನೆ. ಎಲೆಗಳನ್ನು ಹೊಸದಾಗಿ ಕಲಸಿದ ಮೇಲೆ ಹಿಂದಿನ ಐದು ಸಲ ಏನಾಯಿತು ಅನ್ನುವುದು ಅವಕ್ಕೆ ಗೊತ್ತಿಲ್ಲ. ಡೀಲರ್ ಬದಲಾದರೆ ಅದೃಷ್ಟ ಬದಲಾಗುತ್ತದೆ ಅನ್ನುವವರೂ ಇದ್ದಾರೆ. ನಮಗೆ ಕಾಲು ನೋವು ಬರುತ್ತದೆ, ಅದಕ್ಕೇ ಬದಲಾಗುತ್ತೇವೆ ಮಾರಾಯ್ರೆ.

ಡಬಲ್ ಮಾಡುವ ಉಪಾಯವನ್ನು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಸೋತರೆ ದುಪ್ಪಟ್ಟು ಕಟ್ಟು, ಯಾವಾಗಲೋ ಒಮ್ಮೆ ಗೆಲ್ಲಲೇಬೇಕು ಅಂತ. 100ರಿಂದ ಶುರು ಮಾಡಿದರೆ 100, 200, 400, 800, 1,600. ಐದು ಸಲ ಸೋತರೆ 3,100 ಹೋಯಿತು. ಆರನೆಯದಕ್ಕೆ 3,200 ಬೇಕು, ನಿಮ್ಮ ಹತ್ತಿರ 471 ಇದೆ. ಒಂದು ಸೊನ್ನೆಯ ಚಕ್ರದಲ್ಲಿ ಕೆಂಪು ಅಥವಾ ಕಪ್ಪಿನ ಮೇಲೆ ಕಟ್ಟಿ ಸತತ ಐದು ಸಲ ಸೋಲುವ ಸಾಧ್ಯತೆ 28ರಲ್ಲಿ ಒಂದು. ಅಪರೂಪ ಅನಿಸಬಹುದು. ಆದರೆ ಮೂರು ತಾಸಿನಲ್ಲಿ ಚಕ್ರ ನೂರು ಸಲ ತಿರುಗುತ್ತದೆ. ಅಷ್ಟರೊಳಗೆ ಅದು ಬರದೆ ಇದ್ದರೆ ಆಶ್ಚರ್ಯ. ಪ್ರತಿ ಸಲ ಒಂದೇ ಮೊತ್ತ ಕಟ್ಟಿ.

ದುಡ್ಡಿನ ಹಂಚಿಕೆ ಹೀಗಿರಲಿ. ಆಟಕ್ಕೆ 5,000, ತೆರಿಗೆ ಸೇರಿ. ಉಳಿದ 7,000ದಲ್ಲಿ ಪ್ರವೇಶ, ರೂಮು, ಪ್ರಯಾಣ, ಊಟ. ಪ್ರವೇಶ ಪ್ಯಾಕೇಜಿನಲ್ಲಿ ಬಫೆ ಊಟ, ಕುಡಿಯಲು, ಹಾಡು ಕುಣಿತದ ಕಾರ್ಯಕ್ರಮ ಸೇರಿರುವುದು ವಾಡಿಕೆ. ಹಾಗಾಗಿ ಆ ದಿನ ಮಧ್ಯಾಹ್ನ ಹೊರಗೆ ದೊಡ್ಡ ಊಟ ಮಾಡಬೇಡಿ. ದರವನ್ನು ಹೋಗುವ ದಿನಕ್ಕೆ ಕ್ಯಾಸಿನೊದ ಕೌಂಟರಿಗೇ ಫೋನ್ ಮಾಡಿ ಕೇಳಿ. ಜೆಟ್ಟಿಯ ರಸ್ತೆಯಲ್ಲಿ ಕೈ ಹಿಡಿದು ಕರೆಯುವ ಏಜೆಂಟರ ಮಾತಿಗೆ ಹೋಗಬೇಡಿ. ಆ 5,000 ರೂಪಾಯಿಯನ್ನು ಯಕ್ಷಗಾನ ಮೇಳದ ಆಟಕ್ಕೆ ಟಿಕೆಟ್ ತೆಗೆದ ದುಡ್ಡಿನ ಹಾಗೆ ನೋಡಿ. ಬೆಳಗಿನ ತನಕ ಆಟ ನೋಡಿದ ಮೇಲೆ ಟಿಕೆಟ್ ದುಡ್ಡು ವಾಪಸ್ ಕೊಡಿ ಅಂತ ಯಾರೂ ಕೇಳುವುದಿಲ್ಲ. ಹೋದರೆ ಹೋಯಿತು ಅನ್ನುವಷ್ಟು ನೆಮ್ಮದಿ ಆ ಮೊತ್ತದ ಬಗ್ಗೆ ಇಲ್ಲ ಅಂದರೆ, ಮೊತ್ತ ಇಳಿಸಿ. 2,000 ಸಾಕು. ಎಟಿಎಂ ಕಾರ್ಡನ್ನು ರೂಮಿನಲ್ಲೇ ಬಿಟ್ಟು ಹೋಗಿ, ಫೋನಿನಿಂದ ದುಡ್ಡು ಕಳಿಸುವುದಿಲ್ಲ ಅಂತ ಮೂವರೂ ಮೊದಲೇ ಮಾತಾಡಿಕೊಳ್ಳಿ.

ಕುಡಿಯುವ ವಿಷಯ ಒಂದು ಮಾತು. ಪ್ಯಾಕೇಜಿನಲ್ಲಿ ಸೇರಿದೆ ಅಂತ ಆಡುವಾಗಲೇ ಕುಡಿಯಬೇಡಿ. ಎರಡನೇ ಪೆಗ್ ಮುಗಿದ ಮೇಲೆ ಕಟ್ಟುವ ಮೊತ್ತ ತಾನಾಗಿ ಏರುವುದನ್ನು ಡೀಲರ್ ಆದವನು ಪ್ರತಿ ದಿನ ನೋಡುತ್ತಾನೆ. ಮೊದಲು ಆಡಿ, ಎದ್ದು ಬನ್ನಿ, ಆಮೇಲೆ ಊಟ, ಕುಡಿತ, ಡೆಕ್ ಮೇಲೆ ಗಾಳಿ.

ಪ್ರಯಾಣ ಸುಲಭ. ಕುಮಟಾದಿಂದ ಕೊಂಕಣ ರೈಲಿನಲ್ಲಿ ಮಡಗಾಂವ್, ಅಲ್ಲಿಂದ ಗೋವಾ ಸರ್ಕಾರದ ಕದಂಬ ಬಸ್ಸಿನಲ್ಲಿ ಪಣಜಿ. ಪಣಜಿ ಬಸ್ ನಿಲ್ದಾಣದಿಂದ ಜೆಟ್ಟಿಯ ಕಡೆಗೆ ನಡೆದೇ ಹೋಗಬಹುದು. ಸಿರ್ಸಿ ಕಡೆಯವರು ಘಟ್ಟ ಇಳಿದು ಕುಮಟಾಕ್ಕೆ ಬಂದು ರೈಲು ಹಿಡಿದರೆ ಆಯಿತು. ಕಾರವಾರದಿಂದ ಪಣಜಿಗೆ ರಸ್ತೆಯಲ್ಲಿ ಸುಮಾರು 100 ಕಿಲೋಮೀಟರ್, ನೇರ ಬಸ್ಸೂ ಇದೆ. ರೂಮು ಪಣಜಿಯಲ್ಲೇ, ಬಸ್ ನಿಲ್ದಾಣದ ಆಸುಪಾಸಿನಲ್ಲಿ ಮಾಡಿ. ಮೂವರು ಹಂಚಿಕೊಂಡರೆ ಹೊರೆ ಆಗುವುದಿಲ್ಲ. ಕಲಂಗೂಟ್, ಬಾಗಾ ಕಡೆ ಉಳಿದರೆ ರಾತ್ರಿ ಟ್ಯಾಕ್ಸಿಗೆ ಕೊಡುವ ದುಡ್ಡು ನಿಮ್ಮ ಆಟದ ದುಡ್ಡನ್ನೇ ತಿನ್ನುತ್ತದೆ. ಸ್ವಂತ ಕಾರಿನಲ್ಲಿ ಹೋಗಿ ರಾತ್ರಿಯೇ ವಾಪಸ್ ಬರುವ ಯೋಚನೆ ಬೇಡವೇ ಬೇಡ. ನಿದ್ದೆಗಣ್ಣಿನಲ್ಲಿ, ಕುಡಿದು, ಕಾಣಕೋಣದ ಹತ್ತಿರ ಕರ್ಮಲ್ ಘಾಟ್ ತಿರುವುಗಳನ್ನು ಇಳಿಯುವುದು ಯಾವ ಜೂಜಿಗಿಂತಲೂ ಅಪಾಯ.

21 ವರ್ಷ ತುಂಬಿರಬೇಕು. ಫೋಟೊ ಇರುವ ಗುರುತಿನ ಚೀಟಿ ಬೇಕು. ಗೆದ್ದರೆ ತೆರಿಗೆಗೆ ಬೇಕಾಗುತ್ತದೆ, ಪ್ಯಾನ್ ಕಾರ್ಡ್ ಕೂಡ ಇರಲಿ. ಬರ್ಮುಡಾ, ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಬೇಡಿ. 2020ರ ಫೆಬ್ರವರಿ 1ರಿಂದ ಗೋವಾದ ಸ್ಥಳೀಯರಿಗೆ ಅಲ್ಲಿನ ಕ್ಯಾಸಿನೊಗಳಲ್ಲಿ ಆಡಲು ಪ್ರವೇಶ ಇಲ್ಲ. ನಿಮ್ಮ ಜೊತೆಗಾರರಲ್ಲಿ ಯಾರಾದರೂ ಗೋವಾದಲ್ಲಿ ಕೆಲಸ ಮಾಡುತ್ತಾ ಆಧಾರ್ ವಿಳಾಸ ಅಲ್ಲಿಗೆ ಬದಲಿಸಿದ್ದರೆ, ಬಾಗಿಲಲ್ಲಿ ತೊಂದರೆ ಆಗಬಹುದು. ಕಾರವಾರ, ಅಂಕೋಲಾ ಕಡೆಯ ಎಷ್ಟೋ ಹುಡುಗರು ಗೋವಾದಲ್ಲೇ ದುಡಿಯುತ್ತಾರೆ, ಅದಕ್ಕೆ ಹೇಳಿದೆ.

ಗೆದ್ದ ದುಡ್ಡಿನ ಮೇಲೆ ಆದಾಯ ತೆರಿಗೆ ಶೇ 30, ಅದರ ಮೇಲೆ ಶೇ 4 ಸೆಸ್. ಸೋತದ್ದನ್ನು ಇದರಲ್ಲಿ ಕಳೆಯಲು ಬರುವುದಿಲ್ಲ. ಒಂದೇ ಸಲಕ್ಕೆ ಗೆದ್ದದ್ದು 10,000 ರೂಪಾಯಿ ದಾಟಿದರೆ ಅಲ್ಲೇ ಟಿಡಿಎಸ್, ಅಂದರೆ ದುಡ್ಡು ಕೊಡುವ ಮೊದಲೇ ತೆರಿಗೆ, ಹಿಡಿಯಬೇಕು ಅನ್ನುವುದು ನಿಯಮ. ನಿಮಗೆ ವ್ಯಾಪಾರ ಇದೆ, ರಿಟರ್ನ್ಸ್ ತುಂಬುತ್ತೀರಿ. ರಸೀದಿ ಇಟ್ಟುಕೊಂಡು ನಿಮ್ಮ ಲೆಕ್ಕ ಬರೆಯುವವರಿಗೆ ಕೊಡಿ.

ಈಗ ನಿಮ್ಮ ಗೆಳೆಯನ ವಿಷಯ. ಇಡೀ ಪತ್ರದಲ್ಲಿ ನನ್ನನ್ನು ಕಾಡಿದ್ದು ಇದೇ. ಹೋದ 40 ಸಾವಿರವನ್ನು ತೆಗೆಯಲು ಅವನು ಬರುತ್ತಿದ್ದಾನೆ ಅಂದರೆ, ದಯವಿಟ್ಟು ಈ ಸಲ ಅವನನ್ನು ಕ್ಯಾಸಿನೊ ಒಳಗೆ ಕರೆದುಕೊಂಡು ಹೋಗಬೇಡಿ. ಮೇಲಿನ ಲೆಕ್ಕವನ್ನೇ ಅವನಿಗೆ ತೋರಿಸಿ. 40 ಸಾವಿರ ವಾಪಸ್ ಬೇಕು ಅಂತ ಅವನು 20 ಸಾವಿರ ತಂದ ಅಂತ ಇಟ್ಟುಕೊಳ್ಳಿ. ಕೈಗೆ ಬರುವ ಚಿಪ್ಸ್ ಸುಮಾರು 14,286. ತಂದ 20 ಸಾವಿರ ಮತ್ತು ಹಳೆಯ 40 ಸಾವಿರ, ಒಟ್ಟು 60 ಸಾವಿರ ಆಗಬೇಕು. ಅಂದರೆ ನಾಲ್ಕು ಪಟ್ಟಿಗಿಂತ ಜಾಸ್ತಿ. ಗೆದ್ದದ್ದಕ್ಕೆ ಆದಾಯ ತೆರಿಗೆ ಬೇರೆ. ಹಾಗೆ ಮಾಡಬೇಕಾದರೆ ದೊಡ್ಡ ದೊಡ್ಡ ಮೊತ್ತ ಕಟ್ಟಬೇಕು. ಹೆಚ್ಚಿನ ಸಲ ಅರ್ಧ ತಾಸಿನಲ್ಲಿ 20 ಸಾವಿರವೂ ಹೋಗಿ, ಹಳೆಯದು ಸೇರಿ 60 ಸಾವಿರದ ಗಾಯ ಆಗುತ್ತದೆ. ಆಮೇಲೆ ಅವನು ಆ 60 ಸಾವಿರ ತೆಗೆಯಲು ಮತ್ತೆ ಹೋಗುತ್ತಾನೆ. ಚಿನ್ನ ಅಡವಿಟ್ಟು, ಪಿಗ್ಮಿ ಮುರಿದು ಬಂದವರನ್ನು ಟೇಬಲಿನ ಆಚೆ ನಿಂತು ನೋಡಿದ್ದೇನೆ. ಅವರ ಕೈ ನಡುಗುವುದು ನಮಗೆ ಕಾಣುತ್ತದೆ, ನಾವು ಏನೂ ಹೇಳುವ ಹಾಗಿಲ್ಲ. ನೀವು ಹೇಳಬಹುದು, ನೀವು ಅವನ ಗೆಳೆಯರು.

ಅವನ ಜೊತೆ ಒಬ್ಬರೇ ಇರುವಾಗ ಮಾತಾಡಿ, ನಾಲ್ಕು ಜನರ ಎದುರು ಬೇಡ. ಮನೆಯಲ್ಲಿ ಆ 40 ಸಾವಿರದ ವಿಷಯ ಗೊತ್ತಿದೆಯಾ ಕೇಳಿ. ಸಾಲ ಇದೆಯಾ ಕೇಳಿ. ಫೋನಿನಲ್ಲಿ ಆಡುತ್ತಾನಾ ಅಂತಲೂ ಕೇಳಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ನಿಷೇಧಿಸಿದೆ. ಆದರೂ ಕ್ಯಾಸಿನೊಗಳ ಹೆಸರು ಹಾಕಿಕೊಂಡು ವಾಟ್ಸಾಪಿನಲ್ಲಿ ಲಿಂಕ್ ಬರುತ್ತದೆ, ಅದು ಮೋಸ. ಊರಿನ ಓಸಿ, ಮಟ್ಕಾಗೆ ದುಡ್ಡು ಕೊಡುವುದೂ ಅಪರಾಧವೇ. ಬಿಡಬೇಕು ಅನಿಸಿಯೂ ಬಿಡಲು ಆಗುತ್ತಿಲ್ಲ, ನಿದ್ದೆ ಇಲ್ಲ, ಸುಳ್ಳು ಹೇಳುತ್ತಿದ್ದಾನೆ ಅನ್ನುವ ಹಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿಸಿ. ಸರ್ಕಾರದ್ದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಗೋವಾಕ್ಕೆ ಅವನೂ ಬರಲಿ ಅಂತ ನಿಮಗೆ ಆಸೆ ಇದ್ದರೆ ಪ್ರವಾಸವನ್ನೇ ಬದಲಿಸಿ. ಹಳೆ ಗೋವಾದ ಚರ್ಚುಗಳು, ಫೊಂಟೆನ್ಯಾಸ್ ಓಣಿಗಳು, ಮಿರಾಮಾರ್ ಸಂಜೆ, ಒಳ್ಳೆ ಮೀನೂಟ. ತಲಾ 12 ಸಾವಿರದಲ್ಲಿ ಮೂವರೂ ಚೆನ್ನಾಗಿ ತಿಂದು ಬರುತ್ತೀರಿ. ಕ್ಯಾಸಿನೊ ಇನ್ನೊಂದು ವರ್ಷಕ್ಕೂ ಅಲ್ಲೇ ಇರುತ್ತದೆ.

ಸಿಕ್ಕಿಂ, ನೇಪಾಳದಲ್ಲೂ ಕ್ಯಾಸಿನೊ ಇದೆ ಅಂತ ನಿಮ್ಮ ತಲೆಗೆ ಬಂದಿರಬಹುದು. ಕುಮಟಾದಿಂದ ಅಲ್ಲಿಗೆ ಹೋಗಿ ಬರುವ ಖರ್ಚೇ ನಿಮ್ಮ ಬಜೆಟ್ ದಾಟುತ್ತದೆ.

ಬಾಟಲಿ ತರಬೇಡಿ. ಗೋವಾದಲ್ಲಿ ಅಗ್ಗ ನಿಜ, ಆದರೆ ಅಲ್ಲಿನ ಮದ್ಯವನ್ನು ಪರ್ಮಿಟ್ ಇಲ್ಲದೆ ಕರ್ನಾಟಕದೊಳಗೆ ತರುವಂತಿಲ್ಲ. ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಅಬಕಾರಿಯವರು ಬಸ್ಸು, ಕಾರು ಎರಡನ್ನೂ ನೋಡುತ್ತಾರೆ. ಸಿಕ್ಕಿದರೆ ಬಾಟಲಿಯ ಜೊತೆ ಗಾಡಿಯೂ ಜಪ್ತಿ ಆಗಬಹುದು, ಕೇಸು ಬೇರೆ. ಮನೆಗೆ ಏನಾದರೂ ತರಬೇಕು ಅಂದರೆ ಗೋಡಂಬಿ ತನ್ನಿ, ಗೋವಾದ ಸಿಹಿತಿಂಡಿ ಬೆಬಿಂಕಾ ತನ್ನಿ. ಪಣಜಿ ಮಾರ್ಕೆಟ್ಟಿನಲ್ಲಿ ಎರಡೂ ಸಿಗುತ್ತವೆ.